ವಕೀಲರ ಊರಿಗೆ ಬಂದ ಷೇಕ್ಸ್‌ಪಿಯರ್

ಬಳ್ಳಾರಿಯ ರಾಘವ ಕಲಾಮಂದಿರಕ್ಕೆ ಹೆಸರು ಕೊಟ್ಟವರು ಒಬ್ಬ ವಕೀಲರು. ಬಳ್ಳಾರಿ ರಾಘವ (1880–1946) ವಕೀಲಿ ವೃತ್ತಿಯ ಜೊತೆಗೇ ರಂಗವೇರಿದವರು.

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಂಗ್ಲಿಷ್ ಕಲಿತವರಿಗೆ ಷೇಕ್ಸ್‌ಪಿಯರ್ ಪರಿಚಿತ. 1600ರ ಆಸುಪಾಸಿನ ಆ ನಾಟಕಗಳ ಮಾತು ಬಹುಪಾಲು ಪ್ರಾಸವಿಲ್ಲದ, ಸಾಲಿಗೆ ಐದು ಏಟಿನ ಪದ್ಯ. ಪ್ರಾಸದ ಕಟ್ಟಿಲ್ಲವಾದ್ದರಿಂದ ಪಾತ್ರ ತನ್ನೊಡನೆ ತಾನೇ ವಾದಿಸಬಲ್ಲದು. ಮ್ಯಾಕ್‌ಬೆತ್ ಕೊಲೆಗೆ ಮುನ್ನ ಅಳುಕುತ್ತಾನೆ. ಒಥೆಲೊ ಸಂಶಯದಲ್ಲಿ ಬೇಯುತ್ತಾನೆ. ಕೇಡಿನ ಬೇರು ಅವರ ಮನಸ್ಸಿನಲ್ಲೇ ಇದೆ.

ಸಿರುಗುಪ್ಪ, ಕುರುಗೋಡು ಸೀಮೆಯ ಬಯಲಾಟಗಳಿಗೂ ಅಧಿಕಾರದ ಮದ ಹೊಸ ವಸ್ತುವೇನಲ್ಲ. ಆದರೆ ಅಲ್ಲಿ ಆಟ ಮಂಗಳದಲ್ಲಿ ಮುಗಿಯಬೇಕು. ಸಂಸ್ಕೃತ ನಾಟಕದ ಸಂಪ್ರದಾಯವೂ ಅದೇ.

ಈ ಕಟ್ಟನ್ನು ಮುರಿದವರು ರಾಘವರ ಸೋದರಮಾವ, ವಕೀಲ ಧರ್ಮವರಂ ರಾಮಕೃಷ್ಣಮಾಚಾರ್ಯ. ಅವರ ತೆಲುಗು ನಾಟಕ 'ವಿಷಾದ ಸಾರಂಗಧರ'ದಲ್ಲಿ ರಾಣಿ ಮಲಮಗನನ್ನು ಮೋಹಿಸುತ್ತಾಳೆ. ಅವನು ಒಪ್ಪದಾಗ ದೂರುತ್ತಾಳೆ. ವಿಚಾರಿಸದೆ ರಾಜ ಮಗನನ್ನೇ ಶಿಕ್ಷಿಸುತ್ತಾನೆ. ನಾಟಕದ ಕೊನೆ ದುಃಖವೇ. ಬಳ್ಳಾರಿಯ ಇನ್ನೊಬ್ಬ ವಕೀಲ ಕೋಲಾಚಲಂ ಶ್ರೀನಿವಾಸರಾವ್ 1565ರ ವಿಜಯನಗರದ ಪತನವನ್ನೇ ನಾಟಕವಾಗಿಸಿದರು. ಅದರ ಪಠಾಣ ರುಸ್ತುಂ ಪಾತ್ರ ರಾಘವರಿಗೆ ಹೆಸರು ತಂದಿತು.

ಹಂಪಿಯ ಹಾಳು ಬಳ್ಳಾರಿಗೆ ದೂರವಿಲ್ಲ. ರಾಜ್ಯ ಅಳಿದದ್ದು ವಿಧಿಯಿಂದಲೇ, ಆಳುವವರ ಮನಸ್ಸಿನಿಂದಲೇ? ಆ ಪ್ರಶ್ನೆ ಕೇಳಲು ಮಂಗಳವಿಲ್ಲದ ನಾಟಕ ಬೇಕಿತ್ತು.