ರೈಲಿಳಿದರೆ ಕೋಟೆಯೊಳಗೇ

ಬೆಂಗಳೂರಿನವರು ಶ್ರೀರಂಗಪಟ್ಟಣ ನೋಡುವುದು ಮೈಸೂರಿಗೆ ಹೋಗುವಾಗ, ನಡುವೆ ಅರ್ಧ ಗಂಟೆ ಕಾರು ನಿಲ್ಲಿಸಿ. ದಶಪಥ ಹೆದ್ದಾರಿ ಬಂದ ಮೇಲೆ ಅದೂ ಇಲ್ಲ, ಬೈಪಾಸಿನಲ್ಲಿ ದಾಟಿಬಿಡುತ್ತಾರೆ. ತಡೆರಹಿತ ಬಸ್ಸುಗಳದ್ದೂ ಅದೇ ದಾರಿ. ಈ ಊರಿಗೆ ರೈಲೇ ಸರಿ. ಎಲ್ಲ ರೈಲೂ ಇಲ್ಲಿ ನಿಲ್ಲುವುದಿಲ್ಲ, ಹತ್ತುವ ಮೊದಲು ಕೇಳಿಕೊಳ್ಳಿ.

ಮದ್ದೂರು ಬರುವ ಹೊತ್ತಿಗೆ ಬೋಗಿಯೊಳಗೆ ವಡೆಯ ಬುಟ್ಟಿ ಬಂದಿರುತ್ತದೆ. ಮಂಡ್ಯ, ಪಾಂಡವಪುರ ಕಳೆದು ಕಾವೇರಿಯ ಸೇತುವೆ ದಾಟಿದೊಡನೆ ನಿಲ್ದಾಣ. ಹಳಿ ಕೋಟೆಯನ್ನು ಸೀಳಿಕೊಂಡೇ ಹೋಗಿದೆ. ಜೋಡಿ ಮಾರ್ಗಕ್ಕೆ ಟಿಪ್ಪುವಿನ ಮದ್ದಿನ ಮನೆಯೊಂದು ಅಡ್ಡ ಬಂದಾಗ, 2017ರಲ್ಲಿ ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಜಾಕ್ ಕೊಟ್ಟು ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆಗೆ ಕೂರಿಸಿದರು. ಹಾಗೆ ಹೇಳದಿದ್ದರೆ ಅದು ಅಲ್ಲೇ ಹುಟ್ಟಿದ್ದು ಅಂದುಕೊಳ್ಳಬೇಕು.

ಮೊದಲು ರಂಗನಾಥಸ್ವಾಮಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಗ್ಗೆಯೇ ದರ್ಶನ ಮುಗಿಸಿಕೊಳ್ಳಬೇಕು. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗವೂ ನಡೆಯುವಷ್ಟು ದೂರದಲ್ಲೇ ಇದೆ. ಅಲ್ಲೊಂದು ಕಲ್ಲು ನೆಟ್ಟಿದ್ದಾರೆ, ಅಷ್ಟೆ.

ದೇವಸ್ಥಾನದ ಹಿಂದೆ ಹೊಳೆಯ ಕಡೆ ಇಳಿದರೆ ಬೈಲಿಯ ಸೆರೆಮನೆ. ಕಮಾನಿನ ತಗ್ಗು ಚಾವಣಿ. ಗೋಡೆಯಿಂದ ಚಾಚಿದ ಕಲ್ಲುಗಳಲ್ಲಿ ಕೈದಿಗಳ ಸರಪಳಿಗೆಂದು ಕೊರೆದ ತೂತುಗಳು. ನಡುವೆ ಒಂದು ಫಿರಂಗಿ ಬಿದ್ದಿದೆ; ಮುತ್ತಿಗೆಯ ವೇಳೆ ಚಾವಣಿ ಒಡೆದುಕೊಂಡು ಒಳಗೆ ಬಿತ್ತಂತೆ. ಕರ್ನಲ್ ಬೈಲಿ 1780ರಲ್ಲಿ ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಕೈಲಿ ಸೋತು ಸೆರೆಸಿಕ್ಕವನು. 1782ರಲ್ಲಿ ಈ ಊರಿನಲ್ಲೇ ತೀರಿಕೊಂಡ.

ಇಲ್ಲಿಂದ ನೇರ ದರಿಯಾ ದೌಲತ್‌ಗೆ ಹೋಗಬೇಕು. ಆಟೊಗೆ ದರ ಮೊದಲೇ ಮಾತಾಡಿ. 1784ರ ಈ ಬೇಸಿಗೆ ಅರಮನೆಯನ್ನು ಹೊರಗಿನಿಂದ ನೋಡಿದರೆ ಬಿಸಿಲು ತಡೆಯಲು ಇಳಿಬಿಟ್ಟ ಹಸಿರು ಪರದೆಗಳಷ್ಟೇ ಕಾಣುತ್ತವೆ. ಪರದೆಯ ಹಿಂದೆ, ಪಶ್ಚಿಮದ ಗೋಡೆಯ ತುಂಬ, ಅದೇ ಪೊಳ್ಳಿಲೂರು ಕಾಳಗ. ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೈಲಿ ಬೆರಳು ಕಚ್ಚಿಕೊಂಡಿದ್ದಾನೆ! ಸೆರೆಮನೆ ನೋಡಿ ಬಂದವರಿಗೇ ಆ ಬೆರಳಿನ ರುಚಿ ಗೊತ್ತಾಗುವುದು. ಹೆಚ್ಚಿನವರು ಪಲ್ಲಕ್ಕಿಯತ್ತ ನೋಡುವುದೇ ಇಲ್ಲ, ಸೆಲ್ಫಿ ತೆಗೆದುಕೊಂಡು ಹುಲ್ಲುಹಾಸಿಗೆ ನಡೆಯುತ್ತಾರೆ.

ಗುಂಬಜ್, ನಿಮಿಷಾಂಬ, ಸಂಗಮ ಇನ್ನೂ ಪೂರ್ವಕ್ಕಿವೆ. ಗುಂಬಜ್ ಒಳಗೋಡೆಯ ಹುಲಿಪಟ್ಟೆ ಬಿಡಬೇಡಿ. ಸಂಗಮದ ನೀರು ಶಾಂತವಾಗಿ ಕಂಡರೂ ಸುಳಿ ಇರುತ್ತದೆ. ಮಕ್ಕಳನ್ನು ಮೆಟ್ಟಿಲ ಮೇಲೇ ಕೂರಿಸಿಕೊಳ್ಳುವುದು ಒಳ್ಳೆಯದು.

ವಾಪಸು ರೈಲಿಗೆ ಸಮಯ ಹೊಂದದಿದ್ದರೆ ಬಸ್ ನಿಲ್ದಾಣಕ್ಕೆ ಬನ್ನಿ. ಮೈಸೂರು ನಗರ ಬಸ್ಸುಗಳು ಇಲ್ಲಿಗೆ ಬರುತ್ತವೆ, ಮೈಸೂರಿನಿಂದ ಬೆಂಗಳೂರಿಗೆ ರಾತ್ರಿಯೂ ಬಸ್ಸಿದೆ. ಹೆಣ್ಣುಮಕ್ಕಳು ಆಧಾರ್ ಇಟ್ಟುಕೊಂಡಿರಿ: 2023ರ ಜೂನ್‌ನಿಂದ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಉಚಿತ, ರಾಜಹಂಸ, ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ.