ಸುಣ್ಣಕಲ್ಲಿನ ಸೀಮೆಯಲ್ಲಿ ವಿಕಿರಣದ ಲೆಕ್ಕ

ಕಲಬುರಗಿಯಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಮೊದಲು ಶಹಾಬಾದ್, ಅನಂತರ ವಾಡಿ ಜಂಕ್ಷನ್ ಸಿಕ್ಕುತ್ತವೆ. ವಾಡಿಯಿಂದ ಪೂರ್ವಕ್ಕೆ ತಿರುಗುವ ಹಳಿಯು ಚಿತ್ತಾಪುರವನ್ನು ದಾಟಿ ಸೇಡಂ ಸೇರುತ್ತದೆ. ಈ ದಾರಿಯ ಇಕ್ಕೆಲಗಳ ಗಣಿಗಳಲ್ಲಿ, ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಏಳುವ ಸುಣ್ಣಕಲ್ಲನ್ನು ಕಾಣಬಹುದು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಫರಸಿ ಇದೇ. ಸಿಮೆಂಟ್ ಕಾರ್ಖಾನೆಗಳ ಕಚ್ಚಾ ಸಾಮಗ್ರಿಯೂ ಇದೇ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಪ್ರಾಚೀನ ಬೌದ್ಧ ಶಿಲ್ಪಿಗಳು ಸ್ತೂಪವನ್ನು ಅಲಂಕರಿಸಿದ್ದೂ ಸುಣ್ಣಕಲ್ಲಿನಿಂದಲೇ.

ಈ ಕಲ್ಲಿನಿಂದ ಹಗಲಿರುಳೂ ವಿಕಿರಣ ಹೊರಡುತ್ತಿದೆ ಎಂದರೆ ಓದುಗರು ಬೆಚ್ಚಬಹುದು. ಆದರೆ ವಿಕಿರಣವನ್ನು ಸೂಸದ ಮಣ್ಣು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಆದುದರಿಂದ ವಿಜ್ಞಾನಿಯು ಕೇಳುವ ಪ್ರಶ್ನೆ ಒಂದೇ: ಎಷ್ಟಿದೆ?

ಒಂದೇ ಮೂಲವಸ್ತುವಿಗೆ ಸೇರಿದ್ದು, ತೂಕದಲ್ಲಿ ಮಾತ್ರ ಬೇರೆಯಾಗಿರುವ ಪರಮಾಣುಗಳನ್ನು ಸಮಸ್ಥಾನಿಗಳು ಅಥವಾ ಐಸೋಟೋಪುಗಳು ಎನ್ನುತ್ತಾರೆ. ಇವುಗಳಲ್ಲಿ ಕೆಲವು ಅಸ್ಥಿರವಾಗಿದ್ದು, ತಾವಾಗಿಯೇ ಒಡೆಯುತ್ತ ಕಿರಣಗಳನ್ನು ಹೊರಸೂಸುತ್ತವೆ. ನೆಲದಲ್ಲಿ ಮುಖ್ಯವಾದವು ಮೂರು: ಯುರೇನಿಯಂ-238, ಥೋರಿಯಂ-232, ಪೊಟಾಸಿಯಂ-40. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಭೂಮಿಯ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ಭೂಮಿ ಹುಟ್ಟಿದಾಗ ಇದ್ದ ಆ ಯುರೇನಿಯಮ್ಮಿನಲ್ಲಿ ಅರ್ಧದಷ್ಟು ಇಂದಿಗೂ ಉಳಿದಿದೆ. ಪೊಟಾಸಿಯಂ-40 ಅಂತೂ ನಮ್ಮ ದೇಹದಲ್ಲಿಯೇ ಇದೆ. ವಯಸ್ಕನೊಬ್ಬನ ಮೈಯಲ್ಲಿ ಅದರ ನಾಲ್ಕು ಸಾವಿರದಷ್ಟು ಪರಮಾಣುಗಳು ಪ್ರತಿ ಸೆಕೆಂಡಿಗೂ ಒಡೆಯುತ್ತಿರುತ್ತವೆ.

ಗುಲ್ಬರ್ಗಾ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಬಿ. ಆರ್. ಕೆರೂರ ಮತ್ತು ಅವರ ಸಂಗಡಿಗರು ಕಲ್ಯಾಣ ಕರ್ನಾಟಕದ ಮಣ್ಣು ಮತ್ತು ಕಲ್ಲುಗಳಲ್ಲಿ ಈ ಸಮಸ್ಥಾನಿಗಳನ್ನು ಅಳೆಯುತ್ತ ಬಂದಿದ್ದಾರೆ. ಅಳತೆಯ ಕ್ರಮ ಸ್ವಾರಸ್ಯವಾದುದು. ಮಾದರಿಯನ್ನು ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಸುಮಾರು ಒಂದು ತಿಂಗಳು ಇಡುತ್ತಾರೆ. ಯುರೇನಿಯಂ ಸಂತತಿಯಲ್ಲಿ ರೇಡಾನ್ ಎಂಬ ಅನಿಲವೊಂದಿದೆ. ಅದು ತಪ್ಪಿಸಿಕೊಂಡರೆ ಲೆಕ್ಕ ಕೆಡುತ್ತದೆ. ರೇಡಾನಿನ ಅರ್ಧಾಯುಷ್ಯ 3.8 ದಿನ ಮಾತ್ರವಾದ್ದರಿಂದ, ಒಂದು ತಿಂಗಳೊಳಗೆ ಅದರ ಹುಟ್ಟು ಮತ್ತು ಅಳಿವು ಸಮತೂಕಕ್ಕೆ ಬರುತ್ತವೆ. ಆಮೇಲೆ ಡಬ್ಬಿಯನ್ನು ದಪ್ಪ ಸೀಸದ ಗೂಡಿನಲ್ಲಿ, ಗಾಮಾಕಿರಣಗಳನ್ನು ಗುರುತಿಸುವ ಹರಳಿನೆದುರು ಇಡುತ್ತಾರೆ. ಪ್ರತಿಯೊಂದು ಸಮಸ್ಥಾನಿಯ ಕಿರಣಕ್ಕೂ ತನ್ನದೇ ಆದ ಶಕ್ತಿಯುಂಟು. 1460 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣ ಕಂಡರೆ ಅದು ಪೊಟಾಸಿಯಂ-40ರ ರುಜು.

ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಜಗತ್ತಿನ ಮಣ್ಣಿನ ಮಧ್ಯಾಂಕಗಳನ್ನು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು 2000ದ ವರದಿಯಲ್ಲಿ ಹೀಗೆ ಕೊಟ್ಟಿದೆ: ಕಿಲೋಗ್ರಾಮಿಗೆ ರೇಡಿಯಂ 35, ಥೋರಿಯಂ 30, ಪೊಟಾಸಿಯಂ 400 ಬೆಕೆರೆಲ್. ಮೂರನ್ನೂ ಒಂದೇ ತಕ್ಕಡಿಗೆ ಹಾಕಲು ಥೋರಿಯಮ್ಮನ್ನು 1.43ರಿಂದಲೂ ಪೊಟಾಸಿಯಮ್ಮನ್ನು 0.077ರಿಂದಲೂ ಗುಣಿಸಿ ಕೂಡಿಸುತ್ತಾರೆ. ಆಗ ಬರುವ ಮೊತ್ತ ಸುಮಾರು 109. ಕಟ್ಟಡದ ಸಾಮಗ್ರಿಗೆ ಒಪ್ಪಿರುವ ಮಿತಿ 370. ಸುಣ್ಣಕಲ್ಲಿನಲ್ಲಿ ಸಾಮಾನ್ಯವಾಗಿ ಮೊತ್ತವು ಮಣ್ಣಿನ ಈ ಮೊತ್ತಕ್ಕಿಂತಲೂ ಕೆಳಗಿರುತ್ತದೆ. ಏಕೆಂದರೆ ಥೋರಿಯಂ, ಪೊಟಾಸಿಯಂಗಳು ಹೆಚ್ಚಾಗಿ ಗ್ರಾನೈಟಿನಲ್ಲಿಯೂ ಜೇಡಿಮಣ್ಣಿನಲ್ಲಿಯೂ ನೆಲೆಸುತ್ತವೆ. ನೀರಿನಲ್ಲಿ ಕರಗಿದ್ದ ಸುಣ್ಣವು ತಳಕ್ಕಿಳಿದು ಕಲ್ಲಾಗುವಾಗ ಅವು ಅದರೊಡನೆ ಬರುವುದು ಸ್ವಲ್ಪವೇ.

ಹಾಗೆಂದು ಇಡೀ ಸೀಮೆಗೆ ಒಂದೇ ಅಂಕಿಯನ್ನು ಬರೆದು ಸುಮ್ಮನಿರಲಾಗದು. ಸೇಡಂನಿಂದ ಉತ್ತರಕ್ಕೆ ಚಿಂಚೋಳಿಯ ಕಡೆಗೆ ಹೋದರೆ ದಖ್ಖನಿನ ಕಪ್ಪುಶಿಲೆ, ಕೆಂಪು ಜಂಬಿಟ್ಟಿಗೆ ಕಾಣಿಸುತ್ತವೆ. ದಕ್ಷಿಣದ ಅಂಚಿನಲ್ಲಿ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಇದೇ ಭೀಮಾ ಕೊಳ್ಳದ ಸುಣ್ಣಕಲ್ಲು ಗ್ರಾನೈಟಿಗೆ ತಾಗುತ್ತದೆ. ಅಲ್ಲಿ ನೆಲ ಬಿರಿದ ಜಾಡಿನಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ಭೂವಿಜ್ಞಾನಿಗಳು ಯುರೇನಿಯಂ ನಿಕ್ಷೇಪವನ್ನು ಕಂಡುಹಿಡಿದರು. ಆಮ್ಲಜನಕವುಳ್ಳ ನೀರಿನಲ್ಲಿ ಯುರೇನಿಯಂ ಕರಗಿ ಸಾಗುತ್ತದೆ. ಆಮ್ಲಜನಕ ಇಲ್ಲದ ಎಡೆಯಲ್ಲಿ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಹೀಗೆ ಬಡಕಲ್ಲಿನ ನೆರೆಯಲ್ಲಿಯೇ ಅದಿರು ಕೂಡಿಕೊಂಡಿತು.

ಇಲ್ಲಿಯೇ ಅಳತೆಯ ಬೆಲೆ ಗೊತ್ತಾಗುವುದು. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಗಣಿಯೊಂದು ತೆರೆದ ಮೇಲೆ ಹಳ್ಳಿಯ ಬಾವಿಯಲ್ಲಿ ಈ ಮಿತಿ ಮೀರಿದರೆ, ಗಣಿಯ ದೋಷವೋ ನೆಲದ ಗುಣವೋ ಎಂಬ ವಾದ ಹುಟ್ಟುವುದು ಖಂಡಿತ. ಕಲ್ಲಿದ್ದಲನ್ನು ಸುಟ್ಟಾಗ ಅದರಲ್ಲಿನ ಯುರೇನಿಯಂ, ಥೋರಿಯಂಗಳು ಬೂದಿಯಲ್ಲಿ ಸಾಂದ್ರವಾಗುತ್ತವೆ. ಹಾರುಬೂದಿ ಬೆರೆತ ಸಿಮೆಂಟಿನ ಬಗೆಗೂ ನಾಳೆ ಯಾರಾದರೂ ಪ್ರಶ್ನೆ ಎತ್ತಬಹುದು. ಮೊದಲು ಎಷ್ಟಿತ್ತು ಎಂಬ ದಾಖಲೆ ಇಲ್ಲದಿದ್ದರೆ ಹಳ್ಳಿಗನ ದೂರೂ ನಿಲ್ಲದು, ಕಾರ್ಖಾನೆಯ ಸಮರ್ಥನೆಯೂ ನಿಲ್ಲದು.

ಅಂದಮೇಲೆ ಶಹಾಬಾದಿ ಫರಸಿಯ ಮೇಲೆ ನಿಶ್ಚಿಂತೆಯಿಂದ ಮಲಗಬಹುದೇ? ಮಲಗಬಹುದು, ನೆಲದಿಂದ ಒಸರುವ ರೇಡಾನ್ ಒಳಗೆ ನಿಲ್ಲದಂತೆ ಕಿಟಕಿಯನ್ನು ಮಾತ್ರ ತೆರೆದಿಡಿ. ವಿಜ್ಞಾನವನ್ನು ಓದುತ್ತಿರುವ ಈ ಸೀಮೆಯ ತರುಣರಿಗೆ ಇನ್ನೊಂದು ಕೆಲಸವೂ ಉಂಟು. ನಿಮ್ಮ ಊರಿನ ಹೊಲದ ಮಣ್ಣು, ಬಾವಿಯ ನೀರು, ಗಣಿಯ ಕಲ್ಲು ಇವುಗಳ ಅಂಕಿಗಳು ಇನ್ನೂ ಹೆಚ್ಚು ಹೆಚ್ಚಾಗಿ ಬೇಕಾಗಿವೆ. ಅವನ್ನು ಬರೆದಿಡಬೇಕಾದವರಲ್ಲಿ ನೀವೂ ಒಬ್ಬರಾಗಬಹುದು.