ಹಕ್ಕಿಗೆ ಕಾಳು: ಕಿಸೆಗೆ ಕತ್ತರಿ ಬೇಡ!

ಉಡುಪಿ: ಒಂದು ಕಾಲದಲ್ಲಿ ಗುಬ್ಬಿಗೆಂದು ಯಾರೂ ಕಾಳು ಖರೀದಿಸಿದ್ದಿಲ್ಲ. ಅಂಗಡಿಯ ಗೋಣಿಚೀಲದ ತೂತೇ ಅದರ ಅನ್ನದ ಬಟ್ಟಲು. ಹೊಸತಿನ ಹಬ್ಬಕ್ಕೆ ಮನೆಬಾಗಿಲಿಗೆ ಕಟ್ಟಿದ ತೆನೆಯಲ್ಲೂ ಅದಕ್ಕೆ ಪಾಲಿತ್ತು. ಈಗ ಅಕ್ಕಿ ಪ್ಲಾಸ್ಟಿಕ್ ಚೀಲದಲ್ಲಿ ಭದ್ರ. ಎಷ್ಟೋ ಗದ್ದೆಗಳು ಹಡಿಲು. ಗುಬ್ಬಿ ಹೊಟ್ಟೆಗೆ ಎಂತ ಮಾಡಬೇಕು?

ಹಕ್ಕಿಗೆ ಕಾಳು ಹಾಕುವವರು ಮಣಿಪಾಲದ ಫ್ಲಾಟುಗಳಲ್ಲೂ ಉಂಟು. ಆದರೆ ಬಣ್ಣದ ಪೊಟ್ಟಣದ ಬೆಲೆ ಕೇಳಿ ಹಿಂದೆ ಸರಿಯುತ್ತಾರೆ. ಪೊಟ್ಟಣ ಬಿಡಿಸಿದರೆ ಒಳಗಿರುವುದು ಹೆಚ್ಚಾಗಿ ನವಣೆ, ಸಜ್ಜೆಯಂಥ ಧಾನ್ಯವೇ! ಅಂಗಳದ ಗುಬ್ಬಿ, ರಾಟವಾಳಗಳಿಗೆ ಕಾಪು, ಕಾರ್ಕಳ ಪೇಟೆಯ ಜಿನಸಿ ಅಂಗಡಿಯ ನುಚ್ಚಕ್ಕಿ, ಸಜ್ಜೆ ಧಾರಾಳ ಸಾಕು. ಬಸ್ಸಿಗೆ ಕಾಯುವ ಹೊತ್ತಲ್ಲಿ ಕಾಲು ಕಿಲೋ ಕಟ್ಟಿಸಿದರೆ ಕೆಲಸ ಆಯ್ತು.

ಅಗ್ಗವೆಂದು ಹತ್ತು ಕಿಲೋ ತಂದಿಡಬೇಡಿ. ನಮ್ಮ ಮಳೆಗಾಲದ ಥಂಡಿಗೆ ಕಾಳು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ನೆಲಕಡಲೆಯಂತೂ ಹಕ್ಕಿಗೆ ವಿಷವೇ. ಉಪ್ಪು-ಖಾರದ ಮಿಕ್ಸ್‌ಚರ್ ಬೇಡವೇ ಬೇಡ. ಪಿಕಳಾರ ಬಂದರೆ ಅದಕ್ಕೆ ಕಾಳಲ್ಲ, ಬಾಳೆಹಣ್ಣು ಇಡಿ.

ಮುಖ್ಯ ಮಾತು ಬೇರೆಯೇ ಉಂಟು. ಗುಬ್ಬಿ ಮರಿ ಬೆಳೆಯುವುದು ಕಾಳಿನಿಂದಲ್ಲ, ಹುಳುವಿನಿಂದ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಗಿಡಕ್ಕೆ ವಿಷ ಹೊಡೆದು, ಮೇಲಿಂದ ಒಂದು ಮುಷ್ಟಿ ನವಣೆ ಚೆಲ್ಲಿದರೆ ಪುಣ್ಯ ಬರ್ತದಾ?

2010ರಿಂದ ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. ಅಂದು ಭಾಷಣಕ್ಕೇನೂ ಬರಗಾಲವಿಲ್ಲ. ಉಳಿದ 364 ದಿನ? ವ್ಯಾಪಾರಿಗಳೇ, ತಕ್ಕಡಿಯಡಿ ಉದುರಿದ ನುಚ್ಚನ್ನು ಚರಂಡಿಗೆ ತಳ್ಳದೆ ಜಗಲಿ ಮೂಲೆಯಲ್ಲಿಡಿ. ಪಕ್ಕದಲ್ಲೊಂದು ಗೆರಟೆ ನೀರು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಗಿರಾಕಿ ಹಾಜರ್. ದುಡ್ಡು ಕೊಡುವ ಗಿರಾಕಿಯಲ್ಲ, ಆದರೆ ಸಾಲವನ್ನೂ ಕೇಳುವುದಿಲ್ಲ!